ಅರ್ಜಿ ಹಾಕಿದ್ದು ಎರಡು ಬಾರಿ: ನನಗೊಮ್ಮೆ, ತಂಗಿಗೊಮ್ಮೆ

2018ರ ಮೇ ತಿಂಗಳಿನಲ್ಲಿ ಪ್ಲಸ್ ಟೂ, ಅಂದರೆ ಹನ್ನೆರಡನೆಯ ತರಗತಿಯ, ಫಲಿತಾಂಶ ಬಂದ ಸಂಜೆ ನಮ್ಮ ಮನೆಯಲ್ಲಿ ಮಾತು ನಡೆದದ್ದು ಅಂಕಗಳ ಬಗ್ಗೆಯಲ್ಲ. ಮುಂದಿನ ಓದಿಗೆ ಮಂಗಳೂರಿಗೆ ಹೋಗುವುದೋ, ಕಾಸರಗೋಡಿನಲ್ಲಿಯೇ ಉಳಿಯುವುದೋ ಎಂಬುದೇ ಅಂದಿನ ಪ್ರಶ್ನೆ. ಬದಿಯಡ್ಕದಿಂದ ಆಚೆಗಿನ ನಮ್ಮಂಥ ಊರುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಪೈಕಿ ಸ್ವಲ್ಪ ಅನುಕೂಲವಿರುವವರು ಮಂಗಳೂರಿನ ಕಾಲೇಜುಗಳನ್ನೇ ಆರಿಸಿಕೊಳ್ಳುತ್ತಾರೆ. ಅಲ್ಲಿ ಭಾಷೆಯ ತೊಡಕಿಲ್ಲ, ನೆಂಟರಿಷ್ಟರ ಮನೆಗಳಿವೆ, ಕಾಲೇಜುಗಳಿಗೆ ಹೆಸರಿದೆ. ನನಗೆ 1200ರಲ್ಲಿ 1152 ಅಂಕಗಳು ಬಂದಿದ್ದವು. ಆ ವರ್ಷ ಅಡಿಕೆ ತೋಟದಲ್ಲಿ ಕೊಳೆರೋಗ ಜೋರಾಗಿತ್ತು. ಅಪ್ಪ ಖರ್ಚಿನ ಬಗ್ಗೆ ಏನನ್ನೂ ಹೇಳಲಿಲ್ಲ. ಹೇಳದೆ ಇದ್ದುದರಿಂದಲೇ ನನಗೆ ಅರ್ಥವಾಯಿತು.

ಆಗ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ, ಕಾಲೇಜನ್ನು ಆರಿಸುವುದಕ್ಕೆ ಮೊದಲು ವಿದ್ಯಾರ್ಥಿವೇತನಗಳ ನಿಯಮಾವಳಿಯನ್ನು ಕೂತು ಓದಿದ್ದು. ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು. ಮಕ್ಕಳು ಮೊದಲು ಕಾಲೇಜಿಗೆ ಸೇರುತ್ತಾರೆ, ಅಲ್ಲಿಯ ನೋಟಿಸ್ ಬೋರ್ಡಿನಲ್ಲಿ ವಿದ್ಯಾರ್ಥಿವೇತನದ ಸೂಚನೆ ನೋಡುತ್ತಾರೆ, ಆಮೇಲೆ ತಮ್ಮ ಕೋರ್ಸಾಗಲೀ ಕಾಲೇಜಾಗಲೀ ಅದಕ್ಕೆ ಹೊಂದುವುದಿಲ್ಲವೆಂದು ತಿಳಿದುಕೊಳ್ಳುತ್ತಾರೆ. ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗನಿಗೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಬೇಕಾದಷ್ಟು ಅಂಕವಿತ್ತು. ವರ್ಷಕ್ಕೆ 80,000 ರೂಪಾಯಿ ಸಿಗುವ ಯೋಜನೆ ಅದು; ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, ಉಳಿದ 20,000 ಬೇಸಿಗೆಯಲ್ಲಿ ಮಾರ್ಗದರ್ಶಕರ ಕೆಳಗೆ ಮಾಡಬೇಕಾದ ಸಂಶೋಧನಾ ಪ್ರಾಜೆಕ್ಟಿಗೆ. ಆದರೆ ಅವನು ಸೇರಿದ್ದು ಕಂಪ್ಯೂಟರ್ ಸೈನ್ಸ್ ಪದವಿಗೆ. ಇನ್‌ಸ್ಪೈರ್ ಇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಭೂವಿಜ್ಞಾನದಂತಹ ಮೂಲ ವಿಜ್ಞಾನಗಳಿಗೆ ಮಾತ್ರ. ಎಂಜಿನಿಯರಿಂಗು, ವೈದ್ಯಕೀಯ, ಕಂಪ್ಯೂಟರ್ ಸೈನ್ಸ್ ಅದರ ಪಟ್ಟಿಯಲ್ಲಿಲ್ಲ. ಪದವಿ ಮತ್ತು ಸ್ನಾತಕೋತ್ತರ ಸೇರಿ ಐದು ವರ್ಷಕ್ಕೆ 4,00,000 ರೂಪಾಯಿಯ ಅವಕಾಶ ಕೋರ್ಸಿನ ಹೆಸರಿನಲ್ಲಿ ಹೋಯಿತೆಂದು ಅವನಿಗೆ ತಿಳಿದದ್ದು ಓಣಂ ರಜೆಯ ನಂತರ. ಅವನ ಆಯ್ಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಅವನು ಇಷ್ಟಪಟ್ಟ ವಿಷಯವನ್ನೇ ಓದಿದ, ಈಗ ಚೆನ್ನಾಗಿಯೇ ಇದ್ದಾನೆ. ಆದರೆ ಏನನ್ನು ಬಿಟ್ಟು ಏನನ್ನು ಆರಿಸಿಕೊಂಡೆ ಎಂಬುದು ಆರಿಸುವ ದಿನವೇ ಅವನಿಗೆ ಗೊತ್ತಿರಬೇಕಿತ್ತು.

ನನಗೆ ಇನ್‌ಸ್ಪೈರ್ ದಕ್ಕಲಿಲ್ಲ. ಆಯಾ ಬೋರ್ಡಿನ ಹನ್ನೆರಡನೆಯ ತರಗತಿಯಲ್ಲಿ ಮೇಲಿನ ಶೇಕಡಾ 1ರಷ್ಟು ಮಂದಿಗೆ ಸಿಗುವ ವಿದ್ಯಾರ್ಥಿವೇತನ ಅದು. ನಮ್ಮ ಬೋರ್ಡಿನಲ್ಲಿ ಅಂಕಗಳು ಧಾರಾಳವಾಗಿ ಬರುವುದರಿಂದ ಆ ಗೆರೆ ತೀರ ಎತ್ತರದಲ್ಲಿರುತ್ತದೆ. ನನ್ನ ಶೇಕಡಾ 96 ಅದರ ಸಮೀಪಕ್ಕೂ ಸುಳಿಯಲಿಲ್ಲ. ಹೀಗಾಗಿ ನನ್ನ ಮುಂದೆ ಉಳಿದದ್ದು ಎರಡು. ಒಂದು, ಕೇಂದ್ರ ಸರ್ಕಾರವು ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 82,000 ಮಂದಿಯಂತೆ ಹೊಸದಾಗಿ ಕೊಡುವ ವಿದ್ಯಾರ್ಥಿವೇತನ. ಇನ್ನೊಂದು, ಕೇರಳ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಪ್ರತಿವರ್ಷ 1000 ಮಂದಿಗೆ ಕೊಡುವ ವಿದ್ಯಾರ್ಥಿವೇತನ. ಎರಡಕ್ಕೂ ಅರ್ಜಿ ಹಾಕಬಹುದು, ಆದರೆ ಎರಡರ ಹಣವನ್ನೂ ಒಟ್ಟಿಗೆ ಪಡೆಯುವಂತಿಲ್ಲ.

ಅಪ್ಪನ ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದೆ. ಕೇಂದ್ರದ್ದು ಆಗ ಪದವಿಯ ಮೂರು ವರ್ಷಕ್ಕೂ ವರ್ಷಕ್ಕೆ 10,000, ಸ್ನಾತಕೋತ್ತರದ ಎರಡು ವರ್ಷ ತಲಾ 20,000, ಒಟ್ಟು 70,000. ರಾಜ್ಯದ್ದು ಮೊದಲ ವರ್ಷ 12,000, ಎರಡನೆಯ ವರ್ಷ 18,000, ಮೂರನೆಯ ವರ್ಷ 24,000, ಮುಂದೆ ಸ್ನಾತಕೋತ್ತರಕ್ಕೆ 40,000 ಮತ್ತು 60,000, ಒಟ್ಟು 1,54,000. ಮೊತ್ತದಲ್ಲಿ ರಾಜ್ಯದ್ದೇ ಹೆಚ್ಚು. ಆದರೆ ಕೇಂದ್ರದ ವಿದ್ಯಾರ್ಥಿವೇತನವನ್ನು ದೇಶದ ಯಾವ ಮಾನ್ಯತೆ ಪಡೆದ ಕಾಲೇಜಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ರಾಜ್ಯದ್ದು ಕೇರಳದ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಓದುವವರಿಗೆ ಮಾತ್ರ. ಮಂಗಳೂರಿಗೆ ಹೋದರೆ ಪದವಿಯ ಮೂರು ವರ್ಷಗಳ 54,000 ರೂಪಾಯಿ ಗಡಿಯ ತಲಪಾಡಿಯ ಈಚೆಗೇ ಉಳಿಯುತ್ತದೆ. ಅದರ ಮೇಲೆ ಅಲ್ಲಿಯ ಶುಲ್ಕ, ಹಾಸ್ಟೆಲು. ಇಲ್ಲಿಯಾದರೆ ಬಸ್ಸಿನ ಕನ್ಸೆಷನ್ ಪಾಸು ಮತ್ತು ಅಮ್ಮ ಕಟ್ಟಿಕೊಡುವ ಬುತ್ತಿ. ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಪ್ರವೇಶದ ಮೂಲಕ ಕಾಸರಗೋಡಿನ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದೆ.

ನಮ್ಮವರಲ್ಲಿ ವ್ಯಾಪಕವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ಮಾತೃಭಾಷೆಯವರಿಗೆ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ಸಿಇಟಿಯ ಮೂಲಕ ವೃತ್ತಿಪರ ಕೋರ್ಸಿನ ಸೀಟು ಪಡೆಯುವ ಅರ್ಹತೆ ಇದೆ. ಆದ್ದರಿಂದ ಕರ್ನಾಟಕದ ವಿದ್ಯಾರ್ಥಿವೇತನಗಳೂ ತಾನಾಗಿ ಸಿಗುತ್ತವೆಂದು ಅನೇಕ ಹೆತ್ತವರು ನಂಬಿರುತ್ತಾರೆ. ಸೀಟಿನ ಅರ್ಹತೆ ಬೇರೆ, ವಿದ್ಯಾರ್ಥಿವೇತನದ ಅರ್ಹತೆ ಬೇರೆ. ಎರಡನೆಯದಕ್ಕೆ ಪ್ರತಿಯೊಂದು ಯೋಜನೆಯ ನಿವಾಸದ ಷರತ್ತನ್ನು ಬೇರೆಬೇರೆಯಾಗಿಯೇ ಓದಬೇಕು.

ಕೇಂದ್ರದ ಯೋಜನೆಯ ಅರ್ಹತೆಯಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಅಲ್ಲಿ ಕೇಳುವುದು ಶೇಕಡಾ 80 ಅಂಕವಲ್ಲ, 80ನೆಯ ಪರ್ಸೆಂಟೈಲ್. ಅಂದರೆ ನಮ್ಮದೇ ಬೋರ್ಡಿನಲ್ಲಿ, ನಮ್ಮದೇ ವಿಭಾಗದಲ್ಲಿ ತೇರ್ಗಡೆಯಾದವರನ್ನೆಲ್ಲ ಅಂಕಗಳ ಕ್ರಮದಲ್ಲಿ ನಿಲ್ಲಿಸಿದರೆ ನೂರರಲ್ಲಿ ಎಂಬತ್ತು ಮಂದಿ ನಮಗಿಂತ ಕೆಳಗಿರಬೇಕು. ಇದೂ ಬಾಗಿಲು ಮಾತ್ರ, ಒಳಗೆ ಜಾಗ ಸಿಗುವುದು ಬೇರೆ ಲೆಕ್ಕ. 82,000ರಲ್ಲಿ ಅರ್ಧ ಹುಡುಗಿಯರಿಗೆ, ಅರ್ಧ ಹುಡುಗರಿಗೆ. ರಾಜ್ಯಗಳಿಗೆ ಹಂಚಿಕೆಯಾಗುವುದು 18ರಿಂದ 25 ವರ್ಷದವರ ಜನಸಂಖ್ಯೆಗೆ ಅನುಗುಣವಾಗಿ. ವಿಜ್ಞಾನ, ವಾಣಿಜ್ಯ, ಮಾನವಿಕ ವಿಭಾಗಗಳ ನಡುವೆ 3:2:1ರ ಪ್ರಮಾಣದಲ್ಲಿ. ಈಗ ಕುಟುಂಬದ ವಾರ್ಷಿಕ ಆದಾಯದ ಮಿತಿ 4,50,000 ರೂಪಾಯಿ. ರಾಜ್ಯ ಪರಿಷತ್ತಿನ 1000 ವಿದ್ಯಾರ್ಥಿವೇತನಗಳಲ್ಲಿ ಅರ್ಧ ಸಾಮಾನ್ಯ ವರ್ಗಕ್ಕೆ, ಉಳಿದ ಅರ್ಧವು ಹಿಂದುಳಿದ ವರ್ಗಗಳಿಗೆ ಶೇ. 27, ಪರಿಶಿಷ್ಟರಿಗೆ ಶೇ. 10, ಬಡತನ ರೇಖೆಗಿಂತ ಕೆಳಗಿನವರಿಗೆ ಶೇ. 10, ಅಂಗವಿಕಲರಿಗೆ ಶೇ. 3 ಎಂದು ಹಂಚಿಹೋಗುತ್ತದೆ. ಹಾಗಾಗಿ ಅರ್ಜಿಯಲ್ಲಿ ವರ್ಗವನ್ನು ಸರಿಯಾಗಿ ತುಂಬದೆ ಇರುವುದು, ಅಥವಾ ಅದಕ್ಕೆ ತಕ್ಕ ಪ್ರಮಾಣಪತ್ರವನ್ನು ಸೇರಿಸದೆ ಇರುವುದು ಪಟ್ಟಿಯಿಂದ ತಾನೇ ಹೊರಗೆ ನಿಂತ ಹಾಗೆ.

ಕಾಗದಪತ್ರಗಳ ವಿಷಯದಲ್ಲಿ ನನಗೆ ಆದ ಮೊದಲ ತೊಂದರೆ ನನ್ನ ಹೆಸರಿನದ್ದು. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸತಲ್ಲ. ನನ್ನ ಹೆಸರಿನ ಮೊದಲ ಅಕ್ಷರ 'ಶ್ರೀ'. ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕರ್ನಾಟಕದ ಕಡೆಯವರು 'ಶ'ಕಾರಕ್ಕೆ 'ಎಚ್' ಸೇರಿಸುತ್ತಾರೆ, ಮಲಯಾಳಂ ರೂಢಿಯಲ್ಲಿ 'ಎಚ್' ಇಲ್ಲದೆ ಎರಡು 'ಇ' ಹಾಕುತ್ತಾರೆ. ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮಲಯಾಳಂ ರೂಢಿ, ಆಧಾರಿನಲ್ಲಿ ಮಂಗಳೂರಿನ ರೂಢಿ, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆದ ಮನೆತನದ ಹೆಸರು. ಮೂರೂ ನಾನೇ ಎಂದು ನನಗೆ ಗೊತ್ತು, ಊರಿಗೂ ಗೊತ್ತು; ಕಂಪ್ಯೂಟರಿಗೆ ಮಾತ್ರ ಮೂವರು ಬೇರೆಬೇರೆ ಹುಡುಗಿಯರು. ಇಂತಹ ಸಂದರ್ಭದಲ್ಲಿ ಯಾವುದನ್ನು ತಿದ್ದಿಸಬೇಕೆಂಬುದರಲ್ಲಿ ಗೊಂದಲವೇ ಬೇಡ. ಎಸ್ಸೆಸ್ಸೆಲ್ಸಿ ದಾಖಲೆಯನ್ನು ತಿದ್ದಿಸುವುದು ದೀರ್ಘಕಾಲದ ಕೆಲಸ, ಮುಂದಿನ ಅಂಕಪಟ್ಟಿಗಳೆಲ್ಲ ಅದನ್ನೇ ಅನುಸರಿಸುತ್ತವೆ. ಆದುದರಿಂದ ಅದನ್ನು ಮೂಲವೆಂದು ಇಟ್ಟುಕೊಂಡು ಆಧಾರನ್ನೂ ಬ್ಯಾಂಕಿನ ಖಾತೆಯನ್ನೂ ಅದರಂತೆ ತಿದ್ದಿಸಿಕೊಳ್ಳಬೇಕು. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಲು ಸಾಧ್ಯವಿರುವುದರಿಂದ, ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕುವ ಅಕ್ಷಯ ಕೇಂದ್ರದ ಪರದೆಯ ಮೇಲೆ ಒಂದೊಂದು ಅಕ್ಷರವನ್ನೂ ನಾವೇ ಓದಿ ನೋಡಿ ಒಪ್ಪಿಗೆ ಕೊಡುವುದು ಒಳ್ಳೆಯದು. ನನ್ನ ತಿದ್ದುಪಡಿಗೆ ಮೂರು ವಾರ ಹಿಡಿಯಿತು; ಅರ್ಜಿಯ ಕೊನೆಯ ದಿನಾಂಕಕ್ಕೆ ಆಗ ಉಳಿದಿದ್ದದ್ದು ಐದು ದಿನ.

ಆದಾಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಿಂದ ಅರ್ಜಿ ಹೋದರೂ ನಿರ್ಧಾರ ಮಾಡುವವರು ವಿಲ್ಲೇಜ್ ಆಫೀಸರು. ಅಡಿಕೆ ತೋಟದವರ ಆದಾಯ ವರ್ಷದಿಂದ ವರ್ಷಕ್ಕೆ ಒಂದೇ ತರಹ ಇರುವುದಿಲ್ಲ. ಭೂ ತೆರಿಗೆಯ ರಶೀದಿ, ರೇಶನ್ ಕಾರ್ಡು ಹಿಡಿದುಕೊಂಡು ಅಪ್ಪ ಎರಡು ಬಾರಿ ಹೋಗಬೇಕಾಯಿತು. ಎಕರೆ ನೋಡಿ ಅಂದಾಜಿಸಿದ ಮೊತ್ತಕ್ಕೂ ಕೊಳೆರೋಗ ಬಂದ ವರ್ಷದ ನಿಜವಾದ ಆದಾಯಕ್ಕೂ ಇರುವ ಅಂತರವನ್ನು ಅಪ್ಪ ತಮ್ಮ ಅರ್ಧ ತುಳು, ಅರ್ಧ ಮಲಯಾಳಂನಲ್ಲಿ ವಿವರಿಸಿ ಬಂದರು. ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಬಹುದೆಂದು 1969ರ ಕೇರಳದ ಆಡಳಿತ ಭಾಷಾ ಕಾನೂನು ಹೇಳುತ್ತದೆ. ಆದರೆ ನನ್ನ ಕೈಗೆ ಬಂದ ಸುತ್ತೋಲೆಗಳೆಲ್ಲ ಮಲಯಾಳಂನಲ್ಲಿದ್ದವು, ಅರ್ಜಿಯ ನಮೂನೆಗಳು ಇಂಗ್ಲಿಷಿನಲ್ಲಿದ್ದವು.

ಮಲಯಾಳಂ ಲಿಪಿಯನ್ನು ನಾನು ಬಸ್ಸಿನ ಬೋರ್ಡುಗಳಿಂದ ಕಲಿತವಳು. ಅಕ್ಷರ ಕೂಡಿಸಿ ಓದುತ್ತಿದ್ದೆ. ಪದ ಪರಿಚಿತವೆನಿಸಿದಾಗಲೇ ಮೋಸ ಹೋಗುತ್ತಿದ್ದೆ. ಅಲ್ಲಿ 'ಅಪೇಕ್ಷ' ಎಂದರೆ ಅರ್ಜಿ, ನಮ್ಮ ಬಯಕೆಯಲ್ಲ. 'ಅವಸರಂ' ಎಂದರೆ ಅವಕಾಶ, ನಮ್ಮ ಆತುರವಲ್ಲ. ತಿದ್ದುಪಡಿಗೆ 'ಅವಸಾನ ಅವಸರಂ' ಎಂದು ನೋಟಿಸ್ ಹಾಕಿದ್ದನ್ನು ನಾನು ಮೊದಲ ಸಲ ಓದಿದಾಗ ಯಾರದೋ ಸಾವಿನ ಸುದ್ದಿಯೆಂದು ಭಾವಿಸಿ ಮುಂದೆ ನಡೆದಿದ್ದೆ. ಅದು ಕೊನೆಯ ಅವಕಾಶವೆಂದು ಪಯ್ಯನ್ನೂರು ಕಡೆಯ ಗೆಳತಿಯೊಬ್ಬಳು ಹೇಳದಿದ್ದರೆ ನನ್ನ ಅರ್ಜಿಯ ಒಂದು ಲೋಪ ಹಾಗೆಯೇ ಉಳಿಯುತ್ತಿತ್ತು. ಆ ಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಸುತ್ತೋಲೆಗಳನ್ನು ಅವಳು ನನಗೆ ಓದಿ ಹೇಳುವುದು, ಅವಳ ಸಾವಯವ ರಸಾಯನಶಾಸ್ತ್ರದ ಕ್ರಿಯೆಗಳನ್ನು ನಾನು ಬಿಡಿಸಿ ತೋರಿಸುವುದು.

ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕೇಂದ್ರದ ಅರ್ಜಿಯನ್ನು ಕಾಲೇಜಿನ ಮೂಲಕ ಲಿಖಿತವಾಗಿ ಹಿಂತೆಗೆದುಕೊಂಡೆ. ಮೊದಲ 12,000 ಖಾತೆಗೆ ಬಂದ ದಿನ, ಇನ್ನು ಮುಂದಿನ ಎರಡು ವರ್ಷಗಳ ಹಣ ತಾನಾಗಿ ಬರುತ್ತದೆಂದು ನಂಬಿದ್ದೆ. ನನ್ನ ನಿಜವಾದ ತಪ್ಪು ಅದೇ. ಈ ವಿದ್ಯಾರ್ಥಿವೇತನಗಳನ್ನು ಪ್ರತಿವರ್ಷ ಆ ವರ್ಷದ ಅಂಕಪಟ್ಟಿಯ ಆಧಾರದ ಮೇಲೆ ನವೀಕರಿಸಿಕೊಳ್ಳಬೇಕು. ಕೇಂದ್ರದ್ದಾದರೆ ನವೀಕರಣಕ್ಕೆ ಕನಿಷ್ಠ ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಬೇಕು. ಇನ್‌ಸ್ಪೈರ್ ಆದರೆ ಅಂಕಪಟ್ಟಿಯ ಜೊತೆಗೆ ಬೇಸಿಗೆಯ ಪ್ರಾಜೆಕ್ಟಿನ ವರದಿಯನ್ನೂ ಮಾರ್ಗದರ್ಶಕರ ಪ್ರಮಾಣಪತ್ರವನ್ನೂ ಕೊಡಬೇಕು. ನನ್ನದರಲ್ಲಿಯೂ ವರ್ಷದ ಸಾಧನೆಯನ್ನು ನೋಡಿಯೇ ಮುಂದುವರಿಸುತ್ತಾರೆ.

ಎರಡನೆಯ ಸೆಮಿಸ್ಟರಿನಲ್ಲಿ ಕಾಂಪ್ಲಿಮೆಂಟರಿ, ಅಂದರೆ ಪೂರಕ, ವಿಷಯವಾಗಿದ್ದ ಗಣಿತವನ್ನು ನಾನು ಉಪೇಕ್ಷೆ ಮಾಡಿದ್ದೆ. ರಸಾಯನಶಾಸ್ತ್ರವೇ ನನ್ನ ಮುಖ್ಯ ವಿಷಯ, ಅದರಲ್ಲಿ ಅಂಕವಿದ್ದರೆ ಸಾಕೆಂಬ ಧೋರಣೆ. ಫಲಿತಾಂಶ ಬಂದಾಗ ಗಣಿತದಲ್ಲಿ ತೇರ್ಗಡೆಯಾಗಿದ್ದೆ ಅಷ್ಟೆ; ಒಟ್ಟು ಸರಾಸರಿ ಕೆಳಗೆ ಜಾರಿತ್ತು. ನವೀಕರಣದ ಅರ್ಜಿ ತೆರೆಯುವುದಕ್ಕೆ ಮೊದಲು ವಿಭಾಗದ ಅಧ್ಯಾಪಕರೊಬ್ಬರು ನನ್ನನ್ನು ಕರೆದು, "ನೀನು ಇಂಪ್ರೂವ್‌ಮೆಂಟ್ ಬರೆಯುವುದು ಒಳ್ಳೆಯದು. ನಿನ್ನ ರಸಾಯನಶಾಸ್ತ್ರದ ಅಂಕವನ್ನು ಬೇರೆಯಾಗಿ ತೆಗೆದು ನೋಡುವವರು ಅಲ್ಲಿ ಯಾರೂ ಇಲ್ಲ," ಎಂದರು. ಮೂರನೆಯ ಸೆಮಿಸ್ಟರಿನ ಪಾಠಗಳ ನಡುವೆ ಹಳೆಯ ಗಣಿತವನ್ನು ಮತ್ತೆ ಓದಿ ಬರೆದೆ. ಆ ಆರು ವಾರಗಳಲ್ಲಿ ನಾನು ಕಲಿತ ಕ್ಯಾಲ್ಕುಲಸ್ ಮುಂದೆ ಎಂಎಸ್ಸಿಯ ಭೌತ ರಸಾಯನಶಾಸ್ತ್ರಕ್ಕೆ ಆಸರೆಯಾಯಿತು ಎಂಬುದು ನಿಜವಾದರೂ, ಆಗ ನನ್ನನ್ನು ಎಬ್ಬಿಸಿ ಕೂರಿಸಿದ್ದು ಕ್ಯಾಲ್ಕುಲಸ್ಸಿನ ಮೇಲಿನ ಪ್ರೀತಿಯಲ್ಲ, 18,000 ರೂಪಾಯಿ. ಎರಡನೆಯ, ಮೂರನೆಯ ವರ್ಷದ ಹಣ ಬಂತು. ಸ್ನಾತಕೋತ್ತರದ 1,00,000 ಕೂಡ ಎರಡು ಕಂತುಗಳಲ್ಲಿ ಬಂತು. ಕಣ್ಣೂರಿನ ಹಾಸ್ಟೆಲಿನ ಖರ್ಚು ಮತ್ತು ಒಂದು ಹಳೆಯ ಲ್ಯಾಪ್‌ಟಾಪು ಅದರಲ್ಲಿ ಆಯಿತು.

ಎರಡನೆಯ ಬಾರಿ ಈ ದಾರಿಯಲ್ಲಿ ನಡೆದದ್ದು 2024ರಲ್ಲಿ, ತಂಗಿಗಾಗಿ. ಅಷ್ಟರಲ್ಲಿ ನಿಯಮಗಳೆಲ್ಲ ಬದಲಾಗಿದ್ದವು. ಕೇಂದ್ರದ ವಿದ್ಯಾರ್ಥಿವೇತನ ವರ್ಷಕ್ಕೆ 12,000 ಆಗಿತ್ತು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಪದವಿಯ ರಚನೆಯದು. 2024ರ ಜುಲೈ 1ರಂದು ಕೇರಳದಲ್ಲಿ ನಾಲ್ಕು ವರ್ಷಗಳ ಪದವಿ ಆರಂಭವಾಯಿತು. ಅದೇ ವರ್ಷ ಕರ್ನಾಟಕವು 2021ರಲ್ಲಿ ತಂದಿದ್ದ ನಾಲ್ಕು ವರ್ಷಗಳ ಆನರ್ಸ್ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹೀಗಾಗಿ ಒಂದೇ ಅಂಗಳದಲ್ಲಿ ಆಡಿ ಬೆಳೆದ ಇಬ್ಬರಲ್ಲಿ, ಮಂಗಳೂರಿಗೆ ಹೋದ ಚಿಕ್ಕಪ್ಪನ ಮಗ ಮೂರು ವರ್ಷದ ಪದವಿಯಲ್ಲಿದ್ದಾನೆ, ಕಾಸರಗೋಡಿನಲ್ಲಿ ಉಳಿದ ತಂಗಿ ನಾಲ್ಕು ವರ್ಷದ್ದರಲ್ಲಿ. ದೀಪಾವಳಿಗೆ ಅವನು ಬಂದಾಗಲೆಲ್ಲ ಇಬ್ಬರೂ ತಮ್ಮ ತಮ್ಮ ಸರ್ಕಾರಗಳ ಪರವಾಗಿ ವಾದ ಮಾಡುತ್ತಾರೆ. ನನಗೆ ಎರಡರಲ್ಲಿಯೂ ದೊಡ್ಡ ಅಭಿಮಾನವಿಲ್ಲ. ಗಡಿಯ ಎರಡು ಬದಿಯ ಮಕ್ಕಳು ಒಂದೇ ಸ್ನಾತಕೋತ್ತರ ಸೀಟಿಗೆ ಅರ್ಜಿ ಹಾಕುವ ದಿನ ಏನಾಗುತ್ತದೆಂಬ ಚಿಂತೆ ಮಾತ್ರ ಇದೆ.

ಹೊಸ ಪದ್ಧತಿಯಲ್ಲಿ ಮೂರು ವರ್ಷ ಓದಿ 133 ಕ್ರೆಡಿಟ್ (ಪ್ರತಿ ಕೋರ್ಸಿಗೂ ಇರುವ ತೂಕದ ಲೆಕ್ಕ) ಗಳಿಸಿದರೆ ಸಾಮಾನ್ಯ ಪದವಿಯೊಡನೆ ಹೊರಬರಬಹುದು. ನಾಲ್ಕನೆಯ ವರ್ಷವನ್ನೂ ಮುಗಿಸಿ ಒಟ್ಟು 177 ಕ್ರೆಡಿಟ್ ಗಳಿಸಿದರೆ ಆನರ್ಸ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟಿನಲ್ಲಿ ಈ ಸಂಖ್ಯೆಗಳು ಕನಿಷ್ಠ 120 ಮತ್ತು 160. ಕೇರಳ ಅದಕ್ಕಿಂತ ಹೆಚ್ಚು ಕೇಳುತ್ತದೆ. ಆನರ್ಸಿನಲ್ಲಿಯೂ ಎರಡು ಬಗೆ. ಸಾಮಾನ್ಯ ಆನರ್ಸ್ ಒಂದು, ಸಂಶೋಧನೆಯೊಡನೆ ಆನರ್ಸ್ ಇನ್ನೊಂದು. ಎರಡನೆಯದಕ್ಕೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಇರಬೇಕೆಂದು ಯುಜಿಸಿ ಹೇಳುತ್ತದೆ. ನಮ್ಮಲ್ಲಿ ಅದನ್ನು 7.5 ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಗ್ರೇಡುಗಳನ್ನು ಸೇರಿಸಿ ಹತ್ತರ ಮಾನದಲ್ಲಿ ಕೊಡುವ ಅಂಕ) ಎಂದು ಎಣಿಸುತ್ತಾರೆ. ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್ಟಿನ ಸಂಶೋಧನಾ ಪ್ರಾಜೆಕ್ಟ್ ಮಾಡಬೇಕು, ಅದಕ್ಕೆ ಪಿಎಚ್‌ಡಿ ಇರುವ ಮಾರ್ಗದರ್ಶಕರು ವಿಭಾಗದಲ್ಲಿ ಇರಬೇಕು. ಆನರ್ಸ್ ಮುಗಿಸಿದವರಿಗೆ ಸ್ನಾತಕೋತ್ತರವನ್ನು ಒಂದೇ ವರ್ಷದಲ್ಲಿ ಮುಗಿಸುವ ದಾರಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರಿಗೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕುವ ಅರ್ಹತೆಯೂ ಇದೆ.

ತಂಗಿ ಸಸ್ಯಶಾಸ್ತ್ರವನ್ನು ಮೇಜರ್, ಅಂದರೆ ಮುಖ್ಯ ವಿಷಯವಾಗಿ ತೆಗೆದುಕೊಂಡಳು. "ಅಕ್ಕಾ, ಆನರ್ಸಿನ ವಿಷಯ ಮೂರು ವರ್ಷ ಕಳೆದ ಮೇಲೆ ನೋಡಿದರಾಯಿತು," ಎಂದಳು. ನಾನು ಒಪ್ಪಲಿಲ್ಲ. 7.5 ಎಂಬುದು ಆರನೆಯ ಸೆಮಿಸ್ಟರಿನಲ್ಲಿ ಬರೆಯುವ ಪರೀಕ್ಷೆಯಲ್ಲ, ಮೊದಲ ಸೆಮಿಸ್ಟರಿನಿಂದಲೇ ಕೂಡುತ್ತ ಬರುವ ಮೊತ್ತ. ಆರೂ ಸೆಮಿಸ್ಟರುಗಳ ಕ್ರೆಡಿಟ್ಟುಗಳು ಸರಿಸುಮಾರು ಸಮನಾಗಿವೆ ಎಂದಿಟ್ಟುಕೊಂಡರೆ, ಮೊದಲ ಮೂರರಲ್ಲಿ ಸರಾಸರಿ 7.1 ಬಂದವರು ಉಳಿದ ಮೂರರಲ್ಲಿ 7.9 ತರಬೇಕಾಗುತ್ತದೆ. ಐದು ಸೆಮಿಸ್ಟರುಗಳ ಸರಾಸರಿ 7.3 ಆಗಿದ್ದರೆ ಆರನೆಯದೊಂದರಲ್ಲಿಯೇ 8.5 ಬೇಕು. ಪಾಠ ಕಠಿಣವಾಗುತ್ತ ಹೋಗುವಾಗ ಅಂಕ ಏರುತ್ತ ಹೋಗಬೇಕೆಂಬ ಲೆಕ್ಕ ಇದು. ಮೊದಲ ವರ್ಷದ ಹಗುರವಾದ ವಿಷಯಗಳಲ್ಲಿಯೇ ಸ್ವಲ್ಪ ಕೂಡಿಟ್ಟುಕೊಳ್ಳುವುದು ಜಾಣತನ.

ಸಿಜಿಪಿಎ ಬರಿಯ ಸರಾಸರಿಯಲ್ಲ ಎಂಬುದನ್ನು ಅವಳಿಗೆ ಮನಗಾಣಿಸಲು ಕಾಗದ ಬೇಕಾಯಿತು. ಮೇಜರ್ ವಿಷಯದ ಒಂದು ಕೋರ್ಸಿಗೆ 4 ಕ್ರೆಡಿಟ್, ಭಾಷೆ ಮತ್ತಿತರ ಅಡಿಪಾಯದ ಕೋರ್ಸುಗಳಿಗೆ 3. ಗ್ರೇಡಿನ ಅಂಕವನ್ನು ಕ್ರೆಡಿಟ್ಟಿನಿಂದ ಗುಣಿಸಿ ಕೂಡಿಸುತ್ತಾರೆ. ಮೇಜರ್ ಕೋರ್ಸೊಂದರಲ್ಲಿ ಒಂದು ಗ್ರೇಡು ಮೇಲೇರಿದರೆ ಮೊತ್ತಕ್ಕೆ 4 ಸೇರುತ್ತದೆ, ಭಾಷೆಯಲ್ಲಿ ಏರಿದರೆ 3. ಒಟ್ಟು 133 ಕ್ರೆಡಿಟ್ಟಿಗೆ 7.5 ಎಂದರೆ ಆರು ಸೆಮಿಸ್ಟರುಗಳಲ್ಲಿ 998ರಷ್ಟು ಕೂಡಿಸಬೇಕು. ಈ 998ನ್ನು ಅವಳು ತನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡು, ಪ್ರತಿ ಸೆಮಿಸ್ಟರಿನ ಫಲಿತಾಂಶ ಬಂದಾಗ ಕಳೆಯುತ್ತ ಬಂದಿದ್ದಾಳೆ.

ಹಾಗಿದ್ದೂ ಮೊದಲ ಪೆಟ್ಟು ಬಿದ್ದದ್ದು ನಾವು ಎಣಿಸದ ಕಡೆಯಿಂದ, ಕನ್ನಡದಿಂದ. ಎರಡನೆಯ ಭಾಷೆಯಾಗಿ ಕನ್ನಡವನ್ನು ತೆಗೆದುಕೊಂಡಿದ್ದಳು. ಮನೆಮಾತು, ಹತ್ತನೆಯವರೆಗಿನ ಮಾಧ್ಯಮ. ಅದರಲ್ಲಿ ಅಂಕ ಹೋಗುವುದೆಂದು ಯಾರು ಭಾವಿಸುತ್ತಾರೆ? ಆದರೆ ಪ್ರತಿ ಕೋರ್ಸಿನಲ್ಲಿಯೂ ಶೇಕಡಾ 30 ತರಗತಿಯೊಳಗಿನ ನಿರಂತರ ಮೌಲ್ಯಮಾಪನಕ್ಕೆ, ಶೇಕಡಾ 70 ಮಾತ್ರ ಅಂತಿಮ ಪರೀಕ್ಷೆಗೆ. ಸಸ್ಯಶಾಸ್ತ್ರದ ರೆಕಾರ್ಡಿನ ಚಿತ್ರ ಬರೆಯುವ ಭರದಲ್ಲಿ ಕನ್ನಡದ ಅಸೈನ್‌ಮೆಂಟನ್ನು ತಡವಾಗಿ ಕೊಟ್ಟಳು, ಒಂದು ಸೆಮಿನಾರಿಗೆ ತಯಾರಾಗದೆ ಹೋದಳು. ಪರೀಕ್ಷೆಯನ್ನು ಚೆನ್ನಾಗಿಯೇ ಬರೆದರೂ ಇಂಟರ್ನಲ್ ಅಂಕ ಎಳೆದು ಒಂದು ಗ್ರೇಡು ಕೆಳಗಿಳಿಸಿತು. ನನ್ನ ಗಣಿತದ ಕಥೆಯನ್ನು ಅವಳಿಗೆ ನೂರು ಸಲ ಹೇಳಿದ್ದೆ. ಕೇಳಿಸಿಕೊಂಡದ್ದು ಗಣಿತದ ಬಗ್ಗೆ ಮಾತ್ರ ಎಂದು ಕಾಣುತ್ತದೆ.

ವಿದ್ಯಾರ್ಥಿವೇತನದ ಮಾತಿಗೆ ಬಂದರೆ, ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ, ಕೇಂದ್ರದ್ದರಲ್ಲಿ ಬಂತು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಒಮ್ಮೆ ನೋಂದಣಿ ಮಾಡಿ, ಅರ್ಜಿ ಸಲ್ಲಿಸಿ, ಕಾಲೇಜಿನ ನೋಡಲ್ ಅಧಿಕಾರಿಯಿಂದ ಪರಿಶೀಲನೆ ಮುಗಿಸಿಕೊಂಡದ್ದು ಸಲೀಸಾಗಿಯೇ ನಡೆಯಿತು. ನೋಡಲ್ ಅಧಿಕಾರಿಯ ಪರಿಶೀಲನೆಗೆ ವಿದ್ಯಾರ್ಥಿಯ ಕೊನೆಯ ದಿನಾಂಕಕ್ಕಿಂತ ಬೇರೆಯದೇ ಒಂದು ಕೊನೆಯ ದಿನಾಂಕವಿರುತ್ತದೆ. ಅರ್ಜಿ ಸಲ್ಲಿಸಿದೆನೆಂದು ಮನೆಯಲ್ಲಿ ಕೂರದೆ, ತನ್ನ ಅರ್ಜಿಯ ಮುಂದೆ 'ಪರಿಶೀಲಿಸಲಾಗಿದೆ' ಎಂಬ ಸ್ಥಿತಿ ಕಾಣುವವರೆಗೂ ವಿಚಾರಿಸುತ್ತಿರಬೇಕು. ಅಧ್ಯಾಪಕರಿಗೆ ತೊಂದರೆ ಕೊಡುತ್ತೇವೆಂಬ ಸಂಕೋಚ ನಮ್ಮ ಮಕ್ಕಳಿಗೆ ಹೆಚ್ಚು. ನೂರಾರು ಅರ್ಜಿಗಳ ನಡುವೆ ಒಂದು ಉಳಿದುಹೋಗುವುದು ಯಾರ ದುರುದ್ದೇಶವೂ ಅಲ್ಲ; ನೆನಪಿಸಿದರೆ ಅವರಿಗೂ ಉಪಕಾರವೇ.

ಪಟ್ಟಿ ಬಂದು ತಿಂಗಳುಗಳಾದರೂ ಹಣ ಬರಲಿಲ್ಲ. ಪೋರ್ಟಲಿನಲ್ಲಿ ನೋಡಿದರೆ ಹಣ ಪಾವತಿಯಾಗಿದೆ ಎಂದಿತ್ತು. ಅವಳ ಖಾತೆಯಿದ್ದ ಬ್ಯಾಂಕಿನಲ್ಲಿ ವಿಚಾರಿಸಿದಾಗ, ಖಾತೆಗೆ ಆಧಾರ್ ಲಿಂಕ್ ಆಗಿದೆ, ತಮ್ಮ ಕಡೆಯಿಂದ ತೊಂದರೆಯಿಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಲಿಂಕ್ ಆಗುವುದು ಬೇರೆ, ಸೀಡ್ ಆಗುವುದು ಬೇರೆ. ಒಂದು ಆಧಾರ್ ಸಂಖ್ಯೆಯನ್ನು ಎಷ್ಟು ಖಾತೆಗಳಿಗೆ ಬೇಕಾದರೂ ಗುರುತಿನ ದಾಖಲೆಯಾಗಿ ಜೋಡಿಸಬಹುದು. ಸರ್ಕಾರದ ನೇರ ನಗದು ವರ್ಗಾವಣೆ ಮಾತ್ರ, ರಾಷ್ಟ್ರೀಯ ಪಾವತಿ ನಿಗಮದ ನಕ್ಷೆಯಲ್ಲಿ ಆ ಆಧಾರ್ ಸಂಖ್ಯೆಯ ಎದುರು ಯಾವ ಒಂದು ಬ್ಯಾಂಕು ಇದೆಯೋ ಅಲ್ಲಿಗೆ ಹೋಗುತ್ತದೆ. ಪ್ಲಸ್ ಒನ್‌ನಲ್ಲಿದ್ದಾಗ ಶಾಲೆಯವರು ಎಲ್ಲರಿಗೂ ಒಟ್ಟಾಗಿ ಮಾಡಿಸಿದ್ದ ಶೂನ್ಯ ಶಿಲ್ಕಿನ ಖಾತೆಯೊಂದು ಅವಳಿಗಿತ್ತು. ಅದನ್ನು ಮನೆಯಲ್ಲಿ ಎಲ್ಲರೂ ಮರೆತೇಬಿಟ್ಟಿದ್ದೆವು. ಸೀಡ್ ಆಗಿದ್ದದ್ದು ಅದು. ಪಾಸ್ ಪುಸ್ತಕವನ್ನು ಅಮ್ಮನ ಪೆಟ್ಟಿಗೆಯಿಂದ ಹುಡುಕಿ ತೆಗೆದು ನಮೂದಿಸಿಕೊಂಡಾಗ, 12,000 ರೂಪಾಯಿ ಅಲ್ಲಿ ಎರಡು ತಿಂಗಳಿಂದ ಕೂತಿತ್ತು. "ನಾವು ಇಷ್ಟು ದಿನ ಬೈದದ್ದು ಯಾರಿಗೆ ಅಕ್ಕಾ?" ಎಂದು ತಂಗಿ ಕೇಳಿದಳು. ಆ ಪ್ರಶ್ನೆಗೆ ಅಮ್ಮ ಮಾತ್ರ ನಕ್ಕರು.

ನಾನೀಗ ಹೈಯರ್ ಸೆಕೆಂಡರಿ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿದ್ದೇನೆ. ಪ್ಲಸ್ ಟೂ ಮಕ್ಕಳಿಗೆ ಜನವರಿಯಲ್ಲಿಯೇ, ಅಂದರೆ ಪರೀಕ್ಷೆಗೆ ಮೊದಲೇ, ಮೂರು ಕೆಲಸಗಳನ್ನು ಹಚ್ಚುತ್ತೇನೆ: ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪಾಸ್ ಪುಸ್ತಕಗಳಲ್ಲಿ ಹೆಸರಿನ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದು ತರುವುದು, ಯಾವ ಖಾತೆ ಸೀಡ್ ಆಗಿದೆಯೆಂದು ನೋಡುವುದು, ತಾನು ಸೇರಬೇಕೆಂದಿರುವ ಕೋರ್ಸು ಮತ್ತು ಊರಿನ ಎದುರು ಯಾವ ಯಾವ ವಿದ್ಯಾರ್ಥಿವೇತನ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಬರೆಯುವುದು. ಮೊದಲನೆಯ ಕೆಲಸದಲ್ಲಿಯೇ ತರಗತಿಯ ಕಾಲುಭಾಗ ಮಕ್ಕಳಿಗೆ ಏನಾದರೊಂದು ವ್ಯತ್ಯಾಸ ಸಿಗುತ್ತದೆ. ಮೂರನೆಯದನ್ನು ಬರೆದು ತಂದ ಒಬ್ಬಳು ಕಳೆದ ವರ್ಷ ಮಂಗಳೂರನ್ನೇ ಆರಿಸಿಕೊಂಡಳು. ರಾಜ್ಯ ಪರಿಷತ್ತಿನ ಹಣವನ್ನು ಬಿಡುತ್ತಿದ್ದೇನೆ, ಕೇಂದ್ರದ್ದಕ್ಕೆ ಅಲ್ಲಿಂದ ಅರ್ಜಿ ಹಾಕುತ್ತೇನೆ ಎಂದು ಕಾಗದದ ಕೆಳಗೆ ಬರೆದಿದ್ದಳು. ನನಗೆ ಅದು ಸಂತೋಷವೇ ಆಯಿತು.

ತಂಗಿ ಈಗ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದಾಳೆ. ಮೊದಲ ಮೂರರ ಸರಾಸರಿ 7.4, ಕನ್ನಡದಲ್ಲಿ ಹೋದ ಗ್ರೇಡನ್ನು ಮೂರನೆಯ ಸೆಮಿಸ್ಟರಿನ ಮೇಜರ್ ಕೋರ್ಸುಗಳಲ್ಲಿ ಹೆಚ್ಚುಕಡಿಮೆ ತುಂಬಿಸಿಕೊಂಡಿದ್ದಾಳೆ. ಕಳೆದ ವಾರ ಅವಳು ತನ್ನ ವಿಭಾಗದಲ್ಲಿ ಪಿಎಚ್‌ಡಿ ಇರುವ ಅಧ್ಯಾಪಕರು ಯಾರು ಯಾರು, ಅವರು ಯಾವ ವಿಷಯದಲ್ಲಿ ಕೆಲಸ ಮಾಡುತ್ತಾರೆ ಎಂದು ವಿಚಾರಿಸಿ ಬಂದಳು. ಅವರಲ್ಲೊಬ್ಬರು ಸಸ್ಯರೋಗಗಳ ಬಗ್ಗೆ ಕೆಲಸ ಮಾಡಿದವರಂತೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಮೇಲೆ ನಾಲ್ಕನೆಯ ವರ್ಷದ ಪ್ರಾಜೆಕ್ಟ್ ಮಾಡಬಹುದೇ ಎಂದು ಕೇಳಿದ್ದಾಳೆ. "ಮೊದಲು 7.5 ತಾ, ಆಮೇಲೆ ಮಾತಾಡೋಣ," ಎಂದರಂತೆ. ಅಪ್ಪ ಅದನ್ನು ಕೇಳಿ, ಮಳೆಗಾಲ ಬಂದಾಗ ನಮ್ಮ ತೋಟದಿಂದಲೇ ಸ್ಯಾಂಪಲ್ ತೆಗೆದುಕೊಂಡು ಹೋಗಬಹುದಲ್ಲ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸದೆ ಎರಡು ಮರ ಹಾಗೆಯೇ ಬಿಡಬೇಕೋ ಎಂದು ವಿಚಾರಿಸಿದರು.